ಸಾಲುಮರದ ಬೀದಿಯೂ ಹಿಂದಿನ ಓಣಿಯೂ

ನಮ್ಮ ಹೊಸಗನ್ನಡ ಸಾಹಿತ್ಯದಲ್ಲಿ ಮಲೆನಾಡು ತನ್ನ ಮಹಾಕವಿಯನ್ನು ಪಡೆದಿದೆ. ಕರಾವಳಿ ತನ್ನ ಕಾದಂಬರಿಕಾರರನ್ನು ಪಡೆದಿದೆ. ಬಯಲುಸೀಮೆಯ ಹಳ್ಳಿಗೂ ಕತೆಗಾರರ ಬರವಿಲ್ಲ. ಆದರೆ ನಮ್ಮ ಬರೆಹಗಾರರಲ್ಲಿ ಎಷ್ಟೋ ಮಂದಿ ನೌಕರಿಗೆಂದೋ ಅಧ್ಯಾಪನಕ್ಕೆಂದೋ ಬಂದು ನೆಲೆನಿಂತದ್ದು ಪಟ್ಟಣದ ಬಡಾವಣೆಗಳಲ್ಲಿ. ಎರಡು ಬದಿಗೂ ಸಾಲುಮರ, ಮರದ ಹಿಂದೆ ಕಾಂಪೌಂಡು, ಕಾಂಪೌಂಡಿನೊಳಗೆ ಹೆಂಚಿನ ಹಳೆಯ ಮನೆ. ಇಂಥ ಬಡಾವಣೆ ನಮ್ಮ ಸಾಹಿತ್ಯದಲ್ಲಿ ತನ್ನ ಪಾಲನ್ನು ಪಡೆದಿದೆಯೇ? ಪಡೆದಿದೆ ಎನ್ನುವವರುಂಟು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಹೋದ ಬೇಸಗೆಯಲ್ಲಿ ನಮ್ಮ ಬೀದಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಆ ತಿಳಿವಳಿಕೆಯನ್ನು ತಿದ್ದಿತು. ಪ್ರಸಂಗವನ್ನು ಕಡೆಗೆ ಹೇಳುತ್ತೇನೆ. ಅದಕ್ಕೆ ಮುಂಚೆ, ನಾನು ಎಲ್ಲಿ ನಿಂತು ಮಾತನಾಡುತ್ತಿದ್ದೇನೆ ಎಂಬುದನ್ನು ವಾಚಕರಿಗೆ ಅರಿಕೆ ಮಾಡಿಕೊಳ್ಳುವುದು ಯುಕ್ತ.

ನನ್ನ ಊರು ಬಾದಾಮಿ ತಾಲ್ಲೂಕಿನ ಕೆರೂರ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಪಯಣಿಸಿದವರು ಅದನ್ನು ಬಸ್ಸಿನ ಕಿಟಕಿಯಿಂದಲಾದರೂ ಕಂಡಿರುತ್ತಾರೆ. ಅಲ್ಲಿ ಬಿಸಿಲು ಹೆಚ್ಚು, ನೆರಳು ಕಡಿಮೆ. ಆದುದರಿಂದಲೇ ನೆರಳಿಗೆ ಬೆಲೆ ಹೆಚ್ಚು. ಬೇವಿನ ಮರವೊಂದು ಹರಡಿ ಬೆಳೆದರೆ ಅದರ ಬುಡಕ್ಕೆ ಕಲ್ಲು ಹೊಂದಿಸಿ ಕಟ್ಟೆ ಕಟ್ಟುತ್ತಾರೆ. ಕಟ್ಟೆಯ ಮೇಲೆ ಯಾರು ಬೇಕಾದರೂ ಕೂರಬಹುದು. ಯಾರು ಬೇಕಾದರೂ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಹಳ್ಳಿಯ ಕಟ್ಟೆಗೂ ಕೂರಬಾರದವರು ಇದ್ದರು. ಅವರು ದೂರದಲ್ಲಿ, ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಊರಿನ ನೆರಳನ್ನು ಹೊಗಳುವಾಗ ಇದನ್ನು ಮರೆಯಬಾರದು. ಆದರೂ ಮರದ ಕೆಳಗೆ ಕಟ್ಟೆ ಇರಬೇಕು, ಮರವಿರುವುದು ಕೂರುವುದಕ್ಕೆ ಎಂಬ ಭಾವನೆಯಾದರೂ ಅಲ್ಲಿ ಉಂಟು.

ಈಗ ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿಕೊಂಡು ಮಲ್ಲೇಶ್ವರದಲ್ಲಿ ವಾಸವಾಗಿದ್ದೇನೆ. ಮಲ್ಲೇಶ್ವರ ಎಂದೊಡನೆ ಸ್ನೇಹಿತರು ಹುಬ್ಬೇರಿಸುತ್ತಾರೆ. ಅಧ್ಯಾಪಕನ ಸಂಬಳಕ್ಕೆ ಅಲ್ಲಿ ಮನೆ ಕೊಳ್ಳುವ ಮಾತಿರಲಿ, ಕೊಳ್ಳುವ ಕನಸನ್ನೂ ಕಾಣಲಾಗದು. ನಾವಿರುವುದು ಹಳೆಯ ಬಂಗಲೆಯೊಂದರ ಹಿಂಬದಿಯ ಔಟ್‌ಹೌಸಿನಲ್ಲಿ. ಮುಂದಿನ ಗೇಟಿನಿಂದ ಹೊರಟರೆ ಹೊಂಗೆ, ಸಂಪಿಗೆ, ಮಳೆಮರಗಳ ಬೀದಿ. ಹಿತ್ತಿಲ ಬಾಗಿಲು ತೆರೆದರೆ ಎರಡು ಗೋಡೆಗಳ ನಡುವಿನ ಇಕ್ಕಟ್ಟಾದ ಓಣಿ. ಈ ಎರಡು ಬಾಗಿಲುಗಳ ನಡುವೆ ಹನ್ನೊಂದು ವರ್ಷ ಕಳೆದಿದ್ದೇನೆ. ಈ ಲೇಖನವೂ ಅವೆರಡರ ನಡುವೆಯೇ ಹುಟ್ಟಿದ್ದು.

*

ಮರಗಳನ್ನು ಸಾಲಾಗಿ ನೆಡುವುದು ನಮಗೆ ಹೊಸದಲ್ಲ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಟ್ಟಿಗೆ ಇಡುವುದು, ಸಾಲುಮರ ನೆಡಿಸುವುದು ಇವೆಲ್ಲ ಒಂದೇ ಸಾಲಿನಲ್ಲಿ ಬರುವ ಪುಣ್ಯಕಾರ್ಯಗಳು. ಇವುಗಳ ಫಲ ಸಲ್ಲುವುದು ದಾರಿಹೋಕನಿಗೆ. ಅಶೋಕ ಚಕ್ರವರ್ತಿ ದಾರಿಯ ಬದಿಗೆ ಆಲದ ಮರ ನೆಡಿಸಿದ್ದು ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ತನ್ನ ಶಾಸನದಲ್ಲಿಯೇ ಹೇಳಿಕೊಂಡಿದ್ದಾನೆ. ನಮ್ಮ ಕಾಲದಲ್ಲಿ ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿದ್ದೂ ಇದೇ ಭಾವನೆಯಿಂದ. ಆ ಮರಗಳ ಹಿಂದೆ ಅವರ ಬಂಗಲೆ ಇರಲಿಲ್ಲ.

ಬಡಾವಣೆಯ ಸಾಲುಮರದ ಚರಿತ್ರೆ ಬೇರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವು ಮನೆ ಮನೆ ಹೊಕ್ಕಿತು. ಗಾಳಿ ಬೆಳಕುಗಳುಳ್ಳ ಅಗಲವಾದ ಬೀದಿಗಳ ಆಸೆಯಿಂದ ಜನ ಪೇಟೆಯನ್ನು ಬಿಟ್ಟರು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ತರುವಾಯ. ಎಂದರೆ, ಈ ಬೀದಿಗಳ ಮೂಲದಲ್ಲಿರುವುದು ವಿಲಾಸವಲ್ಲ, ಭಯ. ಮುಂದೆ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಎಂಬ ಮಹನೀಯ, ವರ್ಷದ ಯಾವ ತಿಂಗಳಲ್ಲಿಯೂ ನಗರದಲ್ಲಿ ಒಂದಲ್ಲ ಒಂದು ಮರ ಹೂಬಿಟ್ಟಿರುವಂತೆ ಯೋಚಿಸಿ ಮರಗಳನ್ನು ಆರಿಸಿದ. ನಾವು ಬೆಂಗಳೂರಿನ ಸ್ವಂತ ಸೊತ್ತೆಂದು ಬಗೆದಿರುವ ಗುಲ್‌ಮೊಹರು ಮಡಗಾಸ್ಕರಿನದು. ಮಳೆಮರ, ಜಕರಂಡಗಳು ಅಮೆರಿಕ ಖಂಡದವು. ಹೊರಗಿನಿಂದ ಬಂದು ಇಲ್ಲಿ ಬೇರು ಬಿಟ್ಟವನು ನಾನೊಬ್ಬನೇ ಅಲ್ಲ ಎಂದು ಆ ಮರಗಳನ್ನು ನೋಡಿ ಎಷ್ಟೋ ಸಲ ಸಮಾಧಾನಪಟ್ಟುಕೊಂಡಿದ್ದೇನೆ.

ಹೊರಗಿನ ಮರ ಒಳಗಿನದಾದಂತೆ ಒಳಗಿನ ಮರ ಹೊರಗಿನದಾದದ್ದೂ ಉಂಟು. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ ಇದೆ. ಅದರ ಸಮೀಪದಲ್ಲಿಯೇ ಮಾರ್ಗೋಸಾ ರಸ್ತೆಯೂ ಇದೆ. ಮಾರ್ಗೋಸಾ ಎಂದರೆ ಏನೋ ಪರದೇಶದ ಹೂವಿರಬೇಕೆಂದು ಮೊದಮೊದಲು ನಾನು ತಿಳಿದಿದ್ದೆ. ವಿಚಾರಿಸಿದರೆ ಅದು ನಮ್ಮ ಬೇವು! ಕಹಿ ಎಂಬ ಅರ್ಥದ ಪೋರ್ಚುಗೀಸ್ ಮಾತು ಇಂಗ್ಲಿಷಿನ ಬಾಯಲ್ಲಿ ಸವೆದು ಹೀಗಾಗಿದೆ. ಕೆರೂರಿನಲ್ಲಿ ನನ್ನ ತೊಟ್ಟಿಲನ್ನು ತೂಗಿದ ಮರ, ಇಲ್ಲಿ ಅಪರಿಚಿತ ಹೆಸರನ್ನು ಹೊತ್ತು ನಿಂತಿದೆ. ಸಂಪಿಗೆಗೆ ಕನ್ನಡದ ಹೆಸರು ಉಳಿಯಿತು, ಬೇವಿಗೆ ಉಳಿಯಲಿಲ್ಲ. ಸಾಹಿತ್ಯದ ಅಧ್ಯಾಪಕನಿಗೆ ಇದು ಸಣ್ಣ ವಿಷಯವೆನಿಸದು.

ಇನ್ನು ಹಿಂದಿನ ಓಣಿ. ಈ ಹಳೆಯ ಬಡಾವಣೆಗಳ ಮನೆಸಾಲುಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿಗಳೆಂಬುವನ್ನು ಬಿಟ್ಟಿದ್ದರು. ಒಳಚರಂಡಿ ಇಲ್ಲದ ಕಾಲದಲ್ಲಿ ಮನೆಮನೆಯ ಮಲವನ್ನು ಹೊರುವವರು ಮುಂದಿನ ಬೀದಿಯಲ್ಲಿ ಕಾಣಿಸಿಕೊಳ್ಳದಂತೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲು ಮಾಡಿದ ದಾರಿ ಅದು. ನಕ್ಷೆಯಲ್ಲಿ ಎರಡೂ ಒಟ್ಟಿಗೆ ಹುಟ್ಟಿದವು: ಮುಂದೆ ಸಾಲುಮರದ ಬೀದಿ, ಹಿಂದೆ ಮರವಿಲ್ಲದ ಓಣಿ. ಒಂದನ್ನು ನೋಡುವುದಕ್ಕಾಗಿ ಮಾಡಿದರು, ಇನ್ನೊಂದನ್ನು ನೋಡದಿರುವುದಕ್ಕಾಗಿ.

ಬಡಾವಣೆಯನ್ನು ಕುರಿತ ಬರೆಹವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ತೋರುತ್ತಿಲ್ಲ. ಬರೆಹಗಾರ ಮುಂದಿನ ಬೀದಿಯನ್ನು ಮಾತ್ರ ಕಂಡನೋ, ಹಿಂದಿನ ಓಣಿಯನ್ನೂ ಕಂಡನೋ?

*

ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ, ನಮ್ಮ ಹಿರಿಯರಲ್ಲಿ ಬೇಂದ್ರೆಯವರು ಪಾರಾಗುತ್ತಾರೆ. ಧಾರವಾಡದ ಸಾಧನಕೇರಿಯನ್ನು ಕುರಿತ ಅವರ ಪ್ರಸಿದ್ಧ ಕವನ ಮೂಲತಃ ಒಂದು ಕರೆ. ತಾನಿರುವ ಕಡೆಯ ಚೆಲುವನ್ನು ಕಂಡ ಕೂಡಲೆ ಕವಿಗೆ ಅದನ್ನು ಬೇಲಿ ಹಾಕಿ ಕಾಯಬೇಕೆನಿಸುವುದಿಲ್ಲ, ಇನ್ನೊಬ್ಬನನ್ನು ಕರೆಯಬೇಕೆನಿಸುತ್ತದೆ. ಅದು ಬಡಾವಣೆಯ ಮನಸ್ಸಲ್ಲ, ಕಟ್ಟೆಯ ಮನಸ್ಸು.

ಬೆಂಗಳೂರಿನ ವಿದ್ಯಾವಂತರ ಮನೆಯನ್ನು ರಂಗಭೂಮಿಗೆ ತಂದವರು ಕೈಲಾಸಂ. ಅವರು ನಡುಮನೆಯೊಳಕ್ಕೆ ಹೊಕ್ಕು ಅಲ್ಲಿನ ಇಂಗ್ಲಿಷ್ ಬೆರೆತ ಕನ್ನಡವನ್ನೂ ಪೊಳ್ಳು ಪ್ರತಿಷ್ಠೆಯನ್ನೂ ಹೊರಗೆಳೆದರು. ‘ಟೊಳ್ಳು ಗಟ್ಟಿ’ಯಲ್ಲಿ ಮನೆಗೆ ಬೆಂಕಿ ಬಿದ್ದಾಗ ಪರೀಕ್ಷೆಯ ಜಾಣ ಯಾವ ಕೆಲಸಕ್ಕೂ ಬಾರದೆ, ದಡ್ಡನೆನಿಸಿಕೊಂಡವನು ಜೀವ ಉಳಿಸುತ್ತಾನೆ. ಆ ನಗೆ ಇಂದಿಗೂ ಚುಚ್ಚುತ್ತದೆ. ಆದರೆ ಅದು ಮನೆಯವರು ಮನೆಯವರನ್ನು ನೋಡಿ ನಕ್ಕ ನಗೆ. ಬೆಂಕಿ ಬಿದ್ದ ಮನೆಯ ಹಿತ್ತಿಲ ಬಾಗಿಲಿನ ಆಚೆಗೆ ಅದು ದಾಟುವುದಿಲ್ಲ.

ತ್ರಿವೇಣಿಯವರದು ಇನ್ನೊಂದು ಬಗೆ. 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ಅವರು ತೀರಿಕೊಂಡರು. ‘ಶರಪಂಜರ’ 1971ರಲ್ಲಿ ಚಲನಚಿತ್ರವಾಗಿ ಮನೆಮಾತಾಯಿತು. ಹೆರಿಗೆಯ ತರುವಾಯ ಮನೋರೋಗಕ್ಕೆ ತುತ್ತಾದ ಕಾವೇರಿ ಗುಣ ಹೊಂದಿ ಮನೆಗೆ ಬರುತ್ತಾಳೆ. ರೋಗ ವಾಸಿಯಾಗಿದೆ, ಆದರೆ ಸುತ್ತಲಿನವರ ಕಣ್ಣು ವಾಸಿಯಾಗಿಲ್ಲ. ಅವಳು ಜೋರಾಗಿ ನಕ್ಕರೆ ಸಂಶಯ, ಸುಮ್ಮನಿದ್ದರೆ ಸಂಶಯ. ಮರ್ಯಾದಸ್ಥರ ಬೀದಿಯಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ನೋಡಿಯೇ ಕೊಲ್ಲುತ್ತಾರೆ ಎಂಬುದನ್ನು ತ್ರಿವೇಣಿಯವರಷ್ಟು ಸ್ಪಷ್ಟವಾಗಿ ಕಂಡವರು ಕಡಿಮೆ. ಇವರನ್ನು ಜನಪ್ರಿಯ ಲೇಖಕಿಯೆಂದು ಬದಿಗಿರಿಸಿದ ನಮ್ಮ ವಿಮರ್ಶೆ ಒಂದು ಸಾಲವನ್ನು ತೀರಿಸದೆ ಉಳಿಸಿಕೊಂಡಿದೆ. ಆದರೂ ಅವರ ಬೆಳಕು ಬಿದ್ದದ್ದು ಬಂಗಲೆಯ ಒಳಗೆ ಸೆರೆಯಾದವಳ ಮೇಲೆ. ಹೊರಗೆ ನಿಂತವಳ ಮೇಲಲ್ಲ.

ನಿಸಾರ್ ಅಹಮದರು 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ‘ಮನಸು ಗಾಂಧಿ ಬಜಾರು’ ಎಂದು ಹೆಸರಿಟ್ಟರು. ಬಸವನಗುಡಿಯ ಎಷ್ಟೋ ನೆರಳಿನ ಬೀದಿಗಳನ್ನು ಬಿಟ್ಟು, ಹೂವಿನವರು, ಹಣ್ಣಿನವರು, ಹೋಟೆಲಿಗೆ ಬಂದವರು, ಸುಮ್ಮನೆ ಬಂದವರು ಎಲ್ಲರೂ ಸೇರುವ ಬಜಾರನ್ನು ಮನಸ್ಸಿಗೆ ಹೋಲಿಸಿದ ಆ ಹೆಸರಿನಲ್ಲಿಯೇ ಒಂದು ಆಯ್ಕೆ ಇದೆ. ಬಡಾವಣೆಯಲ್ಲಿ ಎಲ್ಲರಿಗೂ ಬಾಗಿಲು ತೆರೆದಿರುವ ಜಾಗ ಬಜಾರೊಂದೇ ಎಂಬುದನ್ನು ಕವಿ ಬಲ್ಲರು.

*

ಹಿಂದಿನ ಓಣಿ ಕನ್ನಡ ಸಾಹಿತ್ಯದ ಮುಂದೆ ಬಂದು ನಿಂತದ್ದು ಸಾಹಿತಿಯಿಂದಲ್ಲ, ಒಬ್ಬ ಮಂತ್ರಿಯಿಂದ. 1970ರ ದಶಕದ ಮೊದಲ ವರ್ಷಗಳಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1973ರಲ್ಲಿ ಇದೇ ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತನಾಡಿದರು. ರಾಜ್ಯದಲ್ಲೆಲ್ಲ ಗಲಭೆಯಾಯಿತು, ಕಡೆಗೆ ಅವರು ಮಂತ್ರಿಪದವಿಯನ್ನು ಬಿಡಬೇಕಾಯಿತು.

ನಾವು ತರಗತಿಗಳಲ್ಲಿ ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಹೇಳುತ್ತೇವೆ: ಒಂದು ಆಡಳಿತದ ಚರಿತ್ರೆ, ಇನ್ನೊಂದು ಸಾಹಿತ್ಯದ ಚರಿತ್ರೆ. ನಾನೂ ಹಾಗೆಯೇ ಹೇಳಿಕೊಂಡು ಬಂದೆ. ಹಿತ್ತಿಲ ಬಾಗಿಲಿನಲ್ಲಿ ನಿಂತು ಆ ಓಣಿಯನ್ನು ನೋಡುತ್ತಿದ್ದ ಒಂದು ಸಂಜೆ, ಇವೆರಡೂ ಒಂದೇ ಬಾಯಿಂದ ಬಂದ ಒಂದೇ ಮಾತಲ್ಲವೇ ಎಂದು ಹೊಳೆಯಿತು. ಈ ಓಣಿಯಲ್ಲಿ ಮುಕ್ಕಾಲು ಶತಮಾನ ಮನುಷ್ಯರು ಮನುಷ್ಯರ ಮಲ ಹೊತ್ತು ನಡೆದರು. ಅದೇ ಮುಕ್ಕಾಲು ಶತಮಾನದಲ್ಲಿ, ಅದೇ ಬಡಾವಣೆಗಳ ಮುಂದಿನ ಕೋಣೆಗಳಲ್ಲಿ ಕುಳಿತು ನಮ್ಮ ನವೋದಯದವರೂ ಪ್ರಗತಿಶೀಲರೂ ನವ್ಯರೂ ಬರೆದರು. ಅವರ ಹಿತ್ತಿಲಿನ ಬಾಗಿಲಿಗೆ ದಿನವೂ ಬಂದು ಹೋದವನು ಅವರ ಪುಸ್ತಕಗಳಲ್ಲಿ ಎಷ್ಟು ಸಲ ಬಂದಿದ್ದಾನೆ? ಬೂಸಾ ಎಂಬ ಮಾತು ಕಟುವಾದುದು, ಅನೇಕ ದೊಡ್ಡ ಕೃತಿಗಳ ವಿಷಯದಲ್ಲಿ ಅನ್ಯಾಯವಾದುದು ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಆ ಮಾತನ್ನು ಆಡಿದವರು ಯಾವ ಬಾಗಿಲಿನಲ್ಲಿ ನಿಂತು ಆಡಿದರು ಎಂಬುದನ್ನು ನೋಡದೆ ಅದನ್ನು ಖಂಡಿಸಿದ್ದು ವಿಮರ್ಶೆಯಾಗಲಿಲ್ಲ.

ಉತ್ತರ ಬಂದದ್ದು ನಮ್ಮ ನೆರೆಯಿಂದಲೇ. ಮೆಟ್ರೋ ರೈಲಿನಲ್ಲಿ ಸಂಪಿಗೆ ರಸ್ತೆಯ ನಿಲ್ದಾಣ ಬಿಟ್ಟರೆ ಮುಂದಿನದು ಶ್ರೀರಾಮಪುರ. ಅದರ ಮುಂದಿನದು ಕುವೆಂಪು ರಸ್ತೆ. ಮಾಗಡಿ ಸೀಮೆಯ ಹಳ್ಳಿಯಿಂದ ಬಂದ ಸಿದ್ಧಲಿಂಗಯ್ಯನವರು ಬೆಳೆದದ್ದು ಆ ಶ್ರೀರಾಮಪುರದಲ್ಲಿ. 1975ರಲ್ಲಿ ‘ಹೊಲೆ ಮಾದಿಗರ ಹಾಡು’ ಬಂದಿತು. ಅದಕ್ಕಿಂತ ನಮ್ಮ ಪ್ರಸ್ತುತ ವಿಷಯಕ್ಕೆ ಹತ್ತಿರವಾದುದು ಅವರ ಆತ್ಮಕಥನ ‘ಊರುಕೇರಿ’. ಅದರ ಹೆಸರೇ ನಮ್ಮ ನಕ್ಷೆಯನ್ನು ಎರಡು ಪದಗಳಲ್ಲಿ ಬರೆದಿಡುತ್ತದೆ. ಎತ್ತುಗಳ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಇಬ್ಬರಲ್ಲಿ ಒಬ್ಬನು ತನ್ನ ತಂದೆ ಎಂಬುದನ್ನು ಮಗು ಕಂಡ ಪ್ರಸಂಗವನ್ನು ಓದಿದವರು ಮರೆಯಲಾರರು. ಆದರೆ ಆ ಪುಸ್ತಕದ ಹೆಚ್ಚಿನ ಬಲವಿರುವುದು ಅದರ ನಗೆಯಲ್ಲಿ. ಕೈಲಾಸಂ ಮನೆಯೊಳಗೆ ನಿಂತು ನಕ್ಕರು. ಸಿದ್ಧಲಿಂಗಯ್ಯ ಮನೆಯ ಹೊರಗೆ ನಿಂತು, ತಮ್ಮನ್ನೂ ಸೇರಿಸಿಕೊಂಡು ನಕ್ಕರು. 2021ರಲ್ಲಿ ಅವರು ತೀರಿಕೊಂಡಾಗ ನಮ್ಮ ಬಡಾವಣೆಯ ಹಿರಿಯರೊಬ್ಬರು, ‘ಓಹೋ, ಅವರು ಇಲ್ಲೇ ಪಕ್ಕದವರೇ?’ ಎಂದು ಆಶ್ಚರ್ಯಪಟ್ಟರು. ಪಕ್ಕದವರೇ, ಒಂದು ನಿಲ್ದಾಣದಷ್ಟು ದೂರ.

*

ಈಚಿನ ಬರೆಹದಲ್ಲಿ ಗೇಟಿನ ಈಚೆಗೂ ಆಚೆಗೂ ಒಮ್ಮೆಲೇ ಕಣ್ಣಿಟ್ಟ ಕೃತಿ, ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಈ ಸಣ್ಣ ಕಾದಂಬರಿಯ ಕುಟುಂಬ, ಇರುವೆಗಳ ಕಾಟದ ಚಿಕ್ಕ ಮನೆಯಿಂದ ಹೊರಟು ಮಸಾಲೆ ವ್ಯಾಪಾರದ ಲಾಭದಿಂದ ಬೆಂಗಳೂರಿನ ಇನ್ನೊಂದು ಕಡೆಯ ದೊಡ್ಡ ಮನೆಗೆ ಬರುತ್ತದೆ. ದುಡಿಯುವವನು ಚಿಕ್ಕಪ್ಪ. ಒಂದು ದಿನ ಅವನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ. ಅವನಿಗಾಗಿ ಮಾಡಿದ ಅಡಿಗೆಯ ಡಬ್ಬಿ ಅವಳ ಕೈಯಲ್ಲಿದೆ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ಅಡಿಗೆ ನೆಲದ ಪಾಲಾಗುತ್ತದೆ. ಕತೆ ಹೇಳುವವನು ಎಲ್ಲವನ್ನೂ ನೋಡುತ್ತಾನೆ, ಏನನ್ನೂ ಹೇಳುವುದಿಲ್ಲ.

ಈ ಕೃತಿಯನ್ನು ಹಣ ಬಂದು ಸಂಸಾರ ಕೆಟ್ಟ ಕತೆಯೆಂದು ಓದುವುದು ರೂಢಿ. ನನಗೆ ತೋರುವ ಮಟ್ಟಿಗೆ ಅದರ ನಿಜವಾದ ವಸ್ತು ಈ ಸುಮ್ಮನಿರುವಿಕೆ. ನಿರೂಪಕ ಕ್ರೂರಿಯಲ್ಲ. ಅವನಿಗೆ ಆ ಹೆಂಗಸಿನ ಮೇಲೆ ಕನಿಕರವೂ ಇರಬಹುದು. ಆದರೆ ಮನೆ ಅವನದು, ಸುಖ ಅವನದು, ಆ ಸುಖವನ್ನು ಕಾಯುವ ಕೊಳಕು ಕೆಲಸವನ್ನು ಬೇರೆಯವರು ಮಾಡಿದರೆ ಅವನ ಅಡ್ಡಿಯಿಲ್ಲ. ಕೃತಿಯ ಮಿತಿಯೂ ಇಲ್ಲಿಯೇ ಇದೆ: ಆ ಹೆಂಗಸು ಎಲ್ಲಿಂದ ಬಂದಳು, ಎಲ್ಲಿಗೆ ಹೋದಳು ಎಂಬುದು ನಮಗೆ ತಿಳಿಯುವುದಿಲ್ಲ. ಆದರೆ ನಿರೂಪಕನಿಗೆ ತಿಳಿಯದ್ದನ್ನು ತಿಳಿದಂತೆ ನಟಿಸದಿರುವುದು ಲೇಖಕರ ಪ್ರಾಮಾಣಿಕತೆ. ಗೇಟಿನ ಆಚೆಯವರ ಕತೆಯನ್ನು ಹೇಳಲಾರದಿದ್ದರೂ ಗೇಟಿನ ಈಚೆಯವರ ಮೌನವನ್ನು ಅವರು ಪೂರ್ತಿಯಾಗಿ ಹೇಳಿದ್ದಾರೆ.

ತರಗತಿಯಲ್ಲಿ ಈ ಪುಸ್ತಕವನ್ನು ಕುರಿತು ಮಾತನಾಡಿದಾಗಲೆಲ್ಲ ನಿರೂಪಕನನ್ನು ನಾನು ಕಟುವಾಗಿ ಟೀಕಿಸುತ್ತಿದ್ದೆ. ಈಗ ಆ ಪ್ರಸಂಗಕ್ಕೆ ಬರುತ್ತೇನೆ.

*

ಹೋದ ಬೇಸಗೆಯಲ್ಲಿ ಅವ್ವ ಕೆರೂರಿನಿಂದ ಬಂದಿದ್ದಳು. ಎರಡನೆಯ ದಿನ ಮಧ್ಯಾಹ್ನ ಇಲಕಲ್ಲ ಸೀರೆಯ ಸೆರಗು ಹೊದ್ದು, ಗೇಟು ದಾಟಿ ಬೀದಿಗೆ ಬಂದು ತಲೆಯೆತ್ತಿ ನೋಡಿದಳು. ‘ಏನ್ ನೆಳ್ಳ ಐತೋ ತಮ್ಮಾ ನಿಮ್ಮ ಓಣ್ಯಾಗ! ಆದ್ರ ಕುಂದ್ರಾಕ ಒಂದು ಕಟ್ಟಿ ಇಲ್ಲಲ್ಲೋ’ ಎಂದಳು. ನಮ್ಮ ಕಡೆ ಓಣಿ ಎಂದರೆ ಹಿಂದಿನ ಸಂದಿಯಲ್ಲ. ಮನೆಯ ಮುಂದಿನ ಬೀದಿಯೇ ಓಣಿ. ಅವಳ ಮಾತಿನಲ್ಲಿ ಎರಡೂ ಒಂದೇ ಆಗಿದ್ದವು.

ಕಟ್ಟೆ ಇರಲಿಲ್ಲ. ಮೂಲೆಯ ಹೊಂಗೆಯ ಮರದ ಬುಡದಲ್ಲಿ ಒಂದು ಚಪ್ಪಡಿ ಕಲ್ಲು ಮಾತ್ರ ಇತ್ತು. ಅದರ ಮೇಲೆ ಹೂ ಮಾರುವಾಕೆಯೊಬ್ಬಳು ಕೂತು ಕನಕಾಂಬರ ಕಟ್ಟುತ್ತಿದ್ದಳು. ಕೆಲಸ ಮುಗಿಸಿ ಬಂದ ಮನೆಗೆಲಸದವರು, ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವ ಪೌರಕಾರ್ಮಿಕರು ಅಲ್ಲಿ ಹತ್ತು ನಿಮಿಷ ಕೂತು ಹೋಗುತ್ತಿದ್ದರು. ಅವ್ವ ಹೋದಾಗ ಹೂವಿನಾಕೆ ಸರಿದು, ‘ಕೂತ್ಕೊಳಮ್ಮ’ ಎಂದಳು. ಒಬ್ಬಳ ಕನ್ನಡ ಇನ್ನೊಬ್ಬಳಿಗೆ ಅರ್ಧ ತಿಳಿಯುತ್ತಿತ್ತು, ಅಷ್ಟು ಸಾಕಾಗಿತ್ತು. ಒಂದು ತಿಂಗಳು ಅವ್ವನ ಮಧ್ಯಾಹ್ನ ಆ ಕಲ್ಲಿನ ಮೇಲೆ ಕಳೆಯಿತು. ಹನ್ನೊಂದು ವರ್ಷದಲ್ಲಿ ನಾನು ಆ ಕಲ್ಲಿನ ಮೇಲೆ ಒಮ್ಮೆಯೂ ಕೂತಿರಲಿಲ್ಲ.

ಅವ್ವ ಊರಿಗೆ ಹೊರಡುವ ವಾರ, ಬೀದಿಯ ನಿವಾಸಿಗಳ ಕಡೆಯಿಂದ ಒಂದು ಕಾಗದ ಮನೆ ಮನೆಗೆ ಬಂದಿತು. ಮರಗಳ ರಕ್ಷಣೆ, ಬೀದಿಯ ಸ್ವಚ್ಛತೆ, ಅಪರಿಚಿತರಿಂದ ಸುರಕ್ಷತೆ—ಎಲ್ಲ ಒಳ್ಳೆಯ ಮಾತುಗಳೇ. ಮೂರನೆಯ ಪ್ಯಾರಾದಲ್ಲಿ, ಮರಗಳ ಬುಡದ ಕಲ್ಲುಗಳನ್ನು ತೆಗೆಸಿ ಸುತ್ತಲೂ ಕಬ್ಬಿಣದ ಬೇಲಿ ಹಾಕಿಸುವುದೆಂದಿತ್ತು. ನಾನು ಮೂರನೆಯ ಪ್ಯಾರಾವನ್ನು ಓದಲಿಲ್ಲವೆಂದು ಹೇಳಿದರೆ ನಂಬುವವರು ಸಿಗಬಹುದು. ಓದಿದ್ದೆ. ಕಾಗದ ತಂದವರು ಬಾಗಿಲಲ್ಲಿ ನಿಂತಿದ್ದರು, ನಾನು ಬಾಡಿಗೆಯವನು, ಎಲ್ಲರೂ ಸಹಿ ಹಾಕಿದ್ದರು. ಹಾಕಿದೆ.

ನಾಲ್ಕು ದಿನಕ್ಕೆ ಕಲ್ಲು ಹೋಯಿತು. ಅವ್ವ ಎಂದಿನಂತೆ ಹೋಗಿ ನೋಡಿ, ಹಿಂತಿರುಗಿ ಬಂದು, ‘ಕಲ್ಲು ಯಾರ್ ಒಯ್ದ್ರೋ? ಅಕಿ ಎಲ್ಲಿ ಹ್ವಾದ್ಲು?’ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಆ ಸುಳ್ಳನ್ನು ಹೇಳುವಾಗ ನನಗೆ ಶಾನಭಾಗರ ನಿರೂಪಕ ನೆನಪಾದ. ಅವನನ್ನು ನಾನು ತರಗತಿಯಲ್ಲಿ ಎಷ್ಟು ಸುಲಭವಾಗಿ ದೂರಿದ್ದೆ!

*

ಒಬ್ಬನ ಸ್ವಂತ ಲಜ್ಜೆಯನ್ನು ವಿಮರ್ಶೆಯ ತತ್ತ್ವವನ್ನಾಗಿ ಮಾಡಬಾರದು ಎಂದು ಆಕ್ಷೇಪಿಸುವವರಿರಬಹುದು. ಆಕ್ಷೇಪ ನ್ಯಾಯವಾದುದೇ. ನೆರಳಿನ ಬೀದಿಯನ್ನು ಕುರಿತು ಸಂತೋಷದಿಂದ ಬರೆಯಲೇಬಾರದೆಂದು ನಾನು ಹೇಳುತ್ತಿಲ್ಲ. ಮುಂಜಾನೆ ಸಂಪಿಗೆಯ ವಾಸನೆ, ಮಾರ್ಚಿಯಲ್ಲಿ ಹೊಂಗೆಯ ಎಳೆ ಹಸಿರು ನಿಜವಾದ ಸಂತೋಷಗಳು. ಅವುಗಳನ್ನು ಹಾಡುವ ಕವಿ ತಪ್ಪು ಮಾಡುತ್ತಿಲ್ಲ. 2009ರಲ್ಲಿ ಮೆಟ್ರೋಗಾಗಿ ಜಯನಗರದ ಲಕ್ಷ್ಮಣರಾವ್ ಬುಲವಾರ್ಡಿನ ಮರಗಳನ್ನು ಕಡಿದಾಗ ಬೀದಿಗಿಳಿದು ಪ್ರತಿಭಟಿಸಿದವರ ದುಃಖವೂ ನಿಜವಾದುದೇ. ಮರ ಉಳಿಯದಿದ್ದರೆ ನೆರಳಿನ ಹಂಚಿಕೆಯ ಮಾತೇ ಉಳಿಯುವುದಿಲ್ಲ.

ನನ್ನ ವಿನಂತಿ ಇಷ್ಟೇ: ಮರವನ್ನು ಕುರಿತ ಪುಸ್ತಕವನ್ನು ಓದುವಾಗ ಅದರ ಬುಡದಲ್ಲಿ ಕೂರಲು ಜಾಗವಿದೆಯೇ ಎಂದೂ ನಮ್ಮ ವಿಮರ್ಶೆ ನೋಡಬೇಕು. ಬೇಂದ್ರೆಯವರ ಕರೆಯಲ್ಲಿ ಅದಿದೆ, ಸಿದ್ಧಲಿಂಗಯ್ಯನವರ ನಗೆಯಲ್ಲಿ ಅದಿದೆ. ಬಡಾವಣೆಯ ನಮ್ಮ ಸಾಹಿತ್ಯದ ಬಹುಭಾಗದಲ್ಲಿ ಅದಿಲ್ಲ. ಇಲ್ಲವೆಂಬುದನ್ನು ಶಾನಭಾಗರಂಥ ಕೆಲವರು ತೋರಿಸಿಕೊಟ್ಟಿದ್ದಾರೆ. ಹಿತ್ತಿಲ ಬಾಗಿಲನ್ನು ತೆರೆದು ಬರೆದ ಬಡಾವಣೆಯ ಕಾದಂಬರಿಯನ್ನು ನಾನಂತೂ ಇನ್ನೂ ಎದುರು ನೋಡುತ್ತಿದ್ದೇನೆ.

ಕಲ್ಲನ್ನು ಮತ್ತೆ ಹಾಕಿಸಬೇಕೆಂದು ಕೋರಿ ನಮ್ಮ ಬೀದಿಯವರಿಗೆ ಒಂದು ಕಾಗದ ಬರೆದು ಕೊಟ್ಟಿದ್ದೇನೆ. ಈವರೆಗೆ ನನ್ನದಲ್ಲದೆ ಅದಕ್ಕೆ ಎರಡು ಸಹಿಗಳು ಬಿದ್ದಿವೆ. ಹೂವಿನಾಕೆ ಈಗ ಮಾರುಕಟ್ಟೆಯ ಹತ್ತಿರ, ಬಿಸಿಲಿನಲ್ಲಿ ಕೂರುತ್ತಾಳೆಂದು ತಿಳಿಯಿತು. ಅವ್ವ ಫೋನಿನಲ್ಲಿ ಅವಳನ್ನು ಕೇಳುತ್ತಾಳೆ. ಕಲ್ಲು ತೆಗೆಸಿದ ಕಾಗದದಲ್ಲಿ ನನ್ನ ಸಹಿಯೂ ಇತ್ತೆಂಬುದನ್ನು ಅವಳಿಗೆ ಇನ್ನೂ ಹೇಳಿಲ್ಲ. ಅವಳಿಗೆ ಓದು ಬರುತ್ತದೆ; ಈ ಪತ್ರಿಕೆ ಕೆರೂರಿಗೂ ಹೋಗುತ್ತದೆ.